ಕೆರೆಯ ಹಸಿರು ಕೆನೆ: ಕುದಿಸಿದರೂ ಹೋಗದ ವಿಷ

ಬೇಸಿಗೆಯಲ್ಲಿ ಕೆರೆಯ ನೀರು ಹಸಿರಾಗುವುದನ್ನು ನೋಡದವರು ನಮ್ಮಲ್ಲಿ ಅಪರೂಪ. ಮಳೆ ನಿಂತು, ನೀರು ತಗ್ಗಿ, ಬಿಸಿಲು ಏರುತ್ತ ಹೋದಂತೆ ತಿಳಿಯಾಗಿದ್ದ ನೀರು ಮೊದಲು ತೆಳು ಹಸಿರಾಗುತ್ತದೆ. ಒಂದು ದಿನ ಬೆಳಗ್ಗೆ ನೋಡಿದರೆ ದಡದ ಉದ್ದಕ್ಕೂ ಯಾರೋ ಹಸಿರು ಬಣ್ಣದ ಡಬ್ಬಿಯನ್ನೇ ಸುರಿದಂತೆ ದಪ್ಪ ಕೆನೆ ಕಟ್ಟಿರುತ್ತದೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ. "ಪಾಚಿ ಕಟ್ಟಿದೆ" ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ದನಕರುಗಳು ಅದೇ ನೀರು ಕುಡಿಯುತ್ತವೆ. ಮಕ್ಕಳು ಅದೇ ನೀರಿಗೆ ಧುಮುಕುತ್ತಾರೆ. ಬಟ್ಟೆ ಒಗೆಯುವವರು ಕೈಯಿಂದ ಕೆನೆಯನ್ನು ಅತ್ತಿತ್ತ ಸರಿಸಿ ಕೆಲಸ ಮುಂದುವರಿಸುತ್ತಾರೆ.

ಈ ಹಸಿರು ಕೆನೆ ಎಲ್ಲ ಬಾರಿಯೂ ಅಪಾಯಕಾರಿಯಲ್ಲ. ಆದರೆ ಕೆಲವು ಸಲ ಅದರಲ್ಲಿ ಯಕೃತ್ತನ್ನು, ಅಂದರೆ ಲಿವರನ್ನು, ಕೆಡಿಸುವ ಅಥವಾ ನರಗಳನ್ನು ಸ್ತಬ್ಧಗೊಳಿಸುವ ವಿಷಗಳಿರುತ್ತವೆ. ನೀರಿನಲ್ಲಿ ಕರಗಿದ ಈ ವಿಷ ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕುದಿಸಿದರೂ ನಾಶವಾಗುವುದಿಲ್ಲ. ನೀರಿನಿಂದ ಬರುವ ಕಾಯಿಲೆಗಳಿಗೆ ಕುದಿಸಿ ಆರಿಸಿದ ನೀರೇ ಮದ್ದು ಎಂದು ನಂಬಿದ ನಮಗೆ ಈ ಸಂಗತಿ ತಿಳಿದಿರುವುದು ಅಗತ್ಯ.

ಇದು ನಿಜವಾಗಿ ಪಾಚಿಯೇ?

ನೀರಿನಲ್ಲಿ ಕಾಣುವ ಹಸಿರೆಲ್ಲ ಒಂದೇ ಅಲ್ಲ. ಅಂತರಗಂಗೆ ಬೇರು, ಎಲೆ ಇರುವ ಗಿಡ. ಕಲ್ಲಿಗೆ ಅಂಟಿಕೊಂಡು ಕೂದಲಿನಂತೆ ಎಳೆ ಎಳೆಯಾಗಿ ಬೆಳೆಯುವುದು ನಿಜವಾದ ಹಸಿರು ಪಾಚಿ. ನಾವು ಇಲ್ಲಿ ಮಾತನಾಡುತ್ತಿರುವುದು ಇವೆರಡೂ ಅಲ್ಲದ ಮೂರನೆಯದರ ಬಗ್ಗೆ. ಅದರ ರೂಢಿಯ ಹೆಸರು ನೀಲಿ-ಹಸಿರು ಪಾಚಿ. ಹೆಸರಿನಲ್ಲಿ ಪಾಚಿ ಇದ್ದರೂ ಅದು ಒಂದು ಜಾತಿಯ ಬ್ಯಾಕ್ಟೀರಿಯಾ. ವಿಜ್ಞಾನಿಗಳು ಇದನ್ನು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಸಸ್ಯಗಳಂತೆ ಬಿಸಿಲನ್ನು ಬಳಸಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಬಲ್ಲ ಬ್ಯಾಕ್ಟೀರಿಯಾ ಇದು.

ಇವು ಭೂಮಿಯ ಅತಿ ಹಳೆಯ ನಿವಾಸಿಗಳಲ್ಲಿ ಸೇರಿವೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಆಮ್ಲಜನಕ ಸೇರತೊಡಗಿದ್ದು ಇವುಗಳಿಂದಲೇ. ಇವುಗಳಲ್ಲಿ ನಮಗೆ ಉಪಕಾರ ಮಾಡುವವೂ ಇವೆ. ಭತ್ತದ ಗದ್ದೆಗೆ ರೈತರು ಬಿಡುವ ಅಜೋಲಾದ ಎಲೆಯೊಳಗೆ ಕುಳಿತು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುವುದು ಒಂದು ನೀಲಿ-ಹಸಿರು ಪಾಚಿಯೇ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಬೆಳೆಸುವ ವಿಧಾನ ರೂಪಿಸಿದ ಸ್ಪಿರುಲಿನಾ ಕೂಡ ಇದೇ ಕುಲದ್ದು. ಆದ್ದರಿಂದ ಕುಲಕ್ಕೆಲ್ಲ ವಿಷದ ಹಣೆಪಟ್ಟಿ ಹಚ್ಚುವುದು ಸರಿಯಲ್ಲ.

ತೊಂದರೆ ಇರುವುದು ಕೆಲವು ಜಾತಿಗಳಿಂದ. ಅವುಗಳಲ್ಲಿ ಮುಖ್ಯವಾದದ್ದು ಮೈಕ್ರೋಸಿಸ್ಟಿಸ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೋಳೆಯಲ್ಲಿ ಹುದುಗಿದ ಸಾಸಿವೆ ಕಾಳಿನ ಗುಂಪಿನಂತೆ ಕಾಣುತ್ತದೆ. ಮಣಿಸರದಂತೆ ಕಾಣುವ ಅನಬೀನಾ, ಸೂಜಿಯಂಥ ಎಳೆಗಳಿರುವ ಸಿಲಿಂಡ್ರೋಸ್ಪರ್ಮಾಪ್ಸಿಸ್ ಇತರ ಎರಡು. ಒಂದೇ ಜಾತಿಯಲ್ಲಿ ವಿಷ ತಯಾರಿಸುವ ತಳಿಯೂ ಇರಬಹುದು, ತಯಾರಿಸದ ತಳಿಯೂ ಇರಬಹುದು. ಎರಡೂ ನೋಡಲು ಒಂದೇ ರೀತಿ. ಆದ್ದರಿಂದ ಬರಿಗಣ್ಣಿನಿಂದಾಗಲಿ ಸೂಕ್ಷ್ಮದರ್ಶಕದಿಂದಾಗಲಿ ಇದರಲ್ಲಿ ವಿಷವಿದೆ, ಇದರಲ್ಲಿಲ್ಲ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ.

ಏಕೆ ಉಕ್ಕುತ್ತದೆ?

ನೀಲಿ-ಹಸಿರು ಪಾಚಿ ಸ್ವಲ್ಪ ಪ್ರಮಾಣದಲ್ಲಿ ಎಲ್ಲ ಕೆರೆಗಳಲ್ಲೂ ಇರುತ್ತದೆ. ಅದು ಹಾಲಿನಂತೆ ಒಮ್ಮೆಲೇ ಉಕ್ಕಿ ಬರಲು ಬೇಕಾದದ್ದು ಬಿಸಿಲು, ಬೆಚ್ಚನೆಯ ನಿಂತ ನೀರು ಮತ್ತು ಹೊಟ್ಟೆ ತುಂಬ ಆಹಾರ. ಆ ಆಹಾರದಲ್ಲಿ ಮುಖ್ಯವಾದದ್ದು ರಂಜಕ.

ರಂಜಕದ ಪಾತ್ರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಕೆನಡಾದ ಒಂದು ಪ್ರಯೋಗ. ಅಲ್ಲಿನ ಒಂಟಾರಿಯೊ ಪ್ರಾಂತದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು 226ನೇ ಸಂಖ್ಯೆಯ ಸರೋವರಕ್ಕೆ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಭಾಗಕ್ಕೆ ಮಾತ್ರ ಅವುಗಳ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಭಾಗ ಹಚ್ಚ ಹಸಿರಾಯಿತು. ಪರದೆಯ ಆಚೆಗಿನ ಭಾಗ ಎಂದಿನಂತೆ ತಿಳಿಯಾಗಿಯೇ ಉಳಿಯಿತು.

ನಮ್ಮ ಕೆರೆಗಳಿಗೆ ರಂಜಕ ಹಾಕಲು ವಿಜ್ಞಾನಿಗಳು ಬೇಕಿಲ್ಲ. ಊರ ಚರಂಡಿ, ಕಕ್ಕಸಿನ ನೀರು, ಬಟ್ಟೆ ಒಗೆಯುವ ಪುಡಿ, ಹೊಲದಿಂದ ಕೊಚ್ಚಿ ಬರುವ ಗೊಬ್ಬರ, ಕೊಟ್ಟಿಗೆಯ ಗಂಜಲ ಇವೆಲ್ಲ ಆ ಕೆಲಸ ಮಾಡುತ್ತವೆ. ಇದಕ್ಕೆ ಬಿಸಿಲು ಸೇರಿದರೆ ಮುಗಿಯಿತು.

ಈ ಜೀವಿಗಳಿಗೆ ಇನ್ನೊಂದು ಅನುಕೂಲವಿದೆ. ಅವುಗಳ ಜೀವಕೋಶದೊಳಗೆ ಗಾಳಿ ತುಂಬಿದ ಸಣ್ಣ ಕೋಶಗಳಿರುತ್ತವೆ. ಅವುಗಳ ನೆರವಿನಿಂದ ಬಿಸಿಲು ಇರುವ ಮೇಲ್ಮೈಗೆ ತೇಲಿ ಬರುತ್ತವೆ. ಗಾಳಿ ಬೀಸಿದ ಕಡೆಗೆ ಸರಿದು ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತವೆ. ಕೆರೆಯ ನಡುವೆ ಅತ್ಯಲ್ಪವಾಗಿರುವ ವಿಷ ದಡದ ಕೆನೆಯಲ್ಲಿ ಸಾವಿರಪಟ್ಟು ಇರಲು ಸಾಧ್ಯ. ದನಗಳು ನೀರಿಗೆ ಇಳಿಯುವುದು, ಮಕ್ಕಳು ಆಡುವುದು ದಡದಲ್ಲೇ ಎಂಬುದನ್ನು ಗಮನಿಸಿ.

ವಿಷ ಏನು ಮಾಡುತ್ತದೆ?

ಈ ಕೆನೆ ಪ್ರಾಣಿಗಳನ್ನು ಕೊಲ್ಲುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಹಸಿರು ಕೆನೆ ಕಟ್ಟಿದ ನೀರು ಕುಡಿದು ಕುರಿ, ಕುದುರೆ, ನಾಯಿ, ಹಂದಿಗಳು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು 1878ರಲ್ಲೇ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಆದರೆ ವಿಷದ ಸ್ವರೂಪ ತಿಳಿಯಲು ನೂರು ವರ್ಷ ಬೇಕಾಯಿತು. ಇಂದು ನಮಗೆ ಗೊತ್ತಿರುವ ಮುಖ್ಯ ವಿಷಗಳು ನಾಲ್ಕು ಬಗೆ.

ಮೊದಲನೆಯದು ಮೈಕ್ರೋಸಿಸ್ಟಿನ್. ಲೋಕದಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಇದೇ. ಏಳು ಅಮೈನೋ ಆಮ್ಲಗಳು ಉಂಗುರದಂತೆ ಕೈಕೈ ಹಿಡಿದು ನಿಂತ ರಚನೆ ಇದರದ್ದು. ಉಂಗುರ ಗಟ್ಟಿಯಾಗಿರುವುದರಿಂದಲೇ ಕುದಿಯುವ ನೀರಿನ ಶಾಖಕ್ಕೂ ಇದು ಜಗ್ಗುವುದಿಲ್ಲ. ಹೊಟ್ಟೆಗೆ ಹೋದ ಮೈಕ್ರೋಸಿಸ್ಟಿನ್ ಕರುಳಿನಿಂದ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತದೆ. ಪಿತ್ತದ ಲವಣಗಳನ್ನು ಒಳಗೆ ಬಿಟ್ಟುಕೊಳ್ಳಲೆಂದು ಯಕೃತ್ತಿನ ಜೀವಕೋಶಗಳಲ್ಲಿರುವ ಬಾಗಿಲುಗಳ ಮೂಲಕವೇ ಒಳನುಗ್ಗುತ್ತದೆ. ಅಲ್ಲಿ ಪ್ರೋಟೀನುಗಳ ಕೆಲಸವನ್ನು ಹದದಲ್ಲಿಡುವ ಎರಡು ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಜೀವಕೋಶಕ್ಕೆ ಆಕಾರ ಕೊಡುವ ಒಳಗಿನ ಹಂದರ ಕುಸಿಯುತ್ತದೆ. ಕೋಶಗಳು ಒಂದರಿಂದ ಒಂದು ಬೇರ್ಪಟ್ಟು ಯಕೃತ್ತಿನೊಳಗೇ ರಕ್ತಸ್ರಾವವಾಗುತ್ತದೆ. ದೊಡ್ಡ ಪ್ರಮಾಣದಲ್ಲಿ ಸೇವಿಸಿದ ಪ್ರಾಣಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ದೇಹಕ್ಕೆ ಸೇರಿದರೆ ಯಕೃತ್ತಿನಲ್ಲಿ ಗಡ್ಡೆ ಬೆಳೆಯಲು ಇದು ಉತ್ತೇಜನ ಕೊಡಬಹುದೆಂಬ ಶಂಕೆಯೂ ಇದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದರ ಮುಖ್ಯ ಬಗೆಯಾದ ಮೈಕ್ರೋಸಿಸ್ಟಿನ್-ಎಲ್‌ಆರ್ ಅನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಎರಡನೆಯದು ಸಿಲಿಂಡ್ರೋಸ್ಪರ್ಮಾಪ್ಸಿನ್. ಇದು ಯಕೃತ್ತಿನ ಜೊತೆಗೆ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಮೂರನೆಯ ಅನಾಟಾಕ್ಸಿನ್ ಮತ್ತು ನಾಲ್ಕನೆಯ ಸ್ಯಾಕ್ಸಿಟಾಕ್ಸಿನ್ ನರಮಂಡಲದ ವಿಷಗಳು. ಇವು ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ಕೆಡಿಸುತ್ತವೆ. ಉಸಿರಾಟದ ಸ್ನಾಯುಗಳು ನಿಂತರೆ ಪ್ರಾಣಿ ನಿಮಿಷಗಳಲ್ಲಿ ಸಾಯಬಹುದು. ಕೆರೆಗೆ ಇಳಿದ ನಾಯಿ ಮೈ ನೆಕ್ಕಿಕೊಂಡು ಸತ್ತ ಉದಾಹರಣೆಗಳು ಅನೇಕ ದೇಶಗಳಲ್ಲಿವೆ.

ಪಾಮ್ ದ್ವೀಪದ ಮಕ್ಕಳು

ಈ ವಿಷಗಳ ಬಗ್ಗೆ ವೈದ್ಯಲೋಕ ಎಚ್ಚರಗೊಂಡದ್ದು ಎರಡು ದುರಂತಗಳಿಂದ. ಮೊದಲನೆಯದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತೀರದ ಪಾಮ್ ದ್ವೀಪದಲ್ಲಿ ನಡೆಯಿತು. ಅಲ್ಲಿ ವಾಸಿಸುವವರು ಹೆಚ್ಚಾಗಿ ಆಸ್ಟ್ರೇಲಿಯಾದ ಮೂಲನಿವಾಸಿಗಳು. 1979ರ ನವೆಂಬರ್‌ನಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಕಾಯಿಲೆ ಬಿದ್ದರು. ವಾಂತಿ, ತಲೆನೋವು, ಹಸಿವಿಲ್ಲದಿರುವುದು, ಮುಟ್ಟಿದರೆ ನೋಯುವ ಊದಿದ ಯಕೃತ್ತು. ನಂತರ ರಕ್ತಭೇದಿ ಮತ್ತು ಮೂತ್ರದಲ್ಲಿ ಸಕ್ಕರೆ, ಪ್ರೋಟೀನು. ಒಟ್ಟು 148 ಜನರಿಗೆ ಚಿಕಿತ್ಸೆ ಬೇಕಾಯಿತು. ಅವರಲ್ಲಿ ಬಹುತೇಕ ಎಲ್ಲರೂ ಮಕ್ಕಳೇ. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ಸಾಮಾನ್ಯ ಕಾಮಾಲೆಯೂ ಅಲ್ಲ, ಸಾಮಾನ್ಯ ವಾಂತಿಭೇದಿಯೂ ಅಲ್ಲ ಎಂದು ಇದಕ್ಕೆ 'ಪಾಮ್ ದ್ವೀಪದ ನಿಗೂಢ ರೋಗ' ಎಂಬ ಹೆಸರು ಬಿತ್ತು.

ವಿಚಾರಿಸಿದಾಗ ಒಂದು ಸುಳಿವು ಸಿಕ್ಕಿತು. ರೋಗಿಗಳು ಕುಡಿಯುತ್ತಿದ್ದುದು ಸೋಲೊಮನ್ ಅಣೆಕಟ್ಟೆಯ ನೀರು. ಆ ನೀರಿನಲ್ಲಿ ಪಾಚಿ ಹೆಚ್ಚಾಗಿ ಕೆಟ್ಟ ವಾಸನೆ ಬರುತ್ತಿದ್ದುದರಿಂದ ಕಾಯಿಲೆ ಕಾಣಿಸಿಕೊಳ್ಳುವ ಕೆಲವು ದಿನ ಮುಂಚೆ ಜಲಾಶಯಕ್ಕೆ ಮೈಲುತುತ್ತ ಹಾಕಲಾಗಿತ್ತು. ಪಾಚಿಯೇನೋ ಸತ್ತಿತು. ಆದರೆ ಜೀವಕೋಶದ ಒಳಗಿದ್ದ ವಿಷ, ಕೋಶಗಳು ಒಡೆದ ಕೂಡಲೇ ನೀರಿಗೆ ಬಿಡುಗಡೆಯಾಯಿತು.

ಸಂಶೋಧಕರು ಆ ಜಲಾಶಯದಿಂದ ಸಿಲಿಂಡ್ರೋಸ್ಪರ್ಮಾಪ್ಸಿಸ್ ಅನ್ನು ಬೇರ್ಪಡಿಸಿ ಬೆಳೆಸಿ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳ ಯಕೃತ್ತು, ಮೂತ್ರಪಿಂಡ ಕೆಟ್ಟವು. 1985ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ವಿಷದ ರಾಸಾಯನಿಕ ರಚನೆ ತಿಳಿದದ್ದು 1992ರಲ್ಲಿ. ಮಕ್ಕಳು ಕಾಯಿಲೆ ಬಿದ್ದ 13 ವರ್ಷಗಳ ನಂತರ!

ಈ ಘಟನೆಯಿಂದ ಎರಡು ಪಾಠಗಳಿವೆ. ಒಂದು, ನೀರಿಗೆ ಮೈಲುತುತ್ತ ಸುರಿದು ಪಾಚಿಯನ್ನು ಒಮ್ಮೆಲೇ ಕೊಲ್ಲುವುದು ಕಾಯಿಲೆಗಿಂತ ಕೆಟ್ಟ ಮದ್ದಾಗಬಹುದು. ಎರಡು, ಸಿಲಿಂಡ್ರೋಸ್ಪರ್ಮಾಪ್ಸಿಸ್ ಮೈಕ್ರೋಸಿಸ್ಟಿಸ್‌ನಂತೆ ಕೆನೆ ಕಟ್ಟುವುದಿಲ್ಲ, ನೀರಿನ ತುಂಬ ಹರಡಿಕೊಂಡಿರುತ್ತದೆ. ಮೇಲೆ ಕೆನೆ ಕಾಣದಿದ್ದ ಮಾತ್ರಕ್ಕೆ ಹಸಿರು ನೀರು ನಿರಪಾಯಕಾರಿ ಎನ್ನುವಂತಿಲ್ಲ.

ಒಂದೇ ಜಲಾಶಯ, ಎರಡು ಕೇಂದ್ರ

ಎರಡನೆಯ ದುರಂತ ಇನ್ನೂ ಘೋರವಾದದ್ದು. ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಕರುವಾರು ಎಂಬ ಪಟ್ಟಣವಿದೆ. ಅಲ್ಲಿ ಮೂತ್ರಪಿಂಡ ಕೆಟ್ಟವರಿಗೆ ರಕ್ತ ಶುದ್ಧಿ ಮಾಡುವ, ಅಂದರೆ ಡಯಾಲಿಸಿಸ್ ಮಾಡುವ ಎರಡು ಕೇಂದ್ರಗಳಿದ್ದವು. 1996ರ ಫೆಬ್ರುವರಿಯಲ್ಲಿ ಅವುಗಳಲ್ಲೊಂದು ಕೇಂದ್ರದ 116 ರೋಗಿಗಳಿಗೆ ಡಯಾಲಿಸಿಸ್ ನಂತರ ಕಣ್ಣು ಮಂಜಾಗುವುದು, ಹೊಟ್ಟೆ ತೊಳಸುವುದು, ವಾಂತಿ ಕಾಣಿಸಿತು. ಅವರಲ್ಲಿ ಸುಮಾರು ನೂರು ಮಂದಿಯ ಯಕೃತ್ತು ಕೆಟ್ಟಿತು. ಕನಿಷ್ಠ 50 ಮಂದಿ ಇದರಿಂದಲೇ ಸತ್ತರು. ಇನ್ನೊಂದು ಕೇಂದ್ರದ ರೋಗಿಗಳಿಗೆ ಏನೂ ಆಗಲಿಲ್ಲ.

ಆಶ್ಚರ್ಯವೆಂದರೆ ಎರಡೂ ಕೇಂದ್ರಗಳಿಗೆ ನೀರು ಬರುತ್ತಿದ್ದುದು ಒಂದೇ ಜಲಾಶಯದಿಂದ. ವ್ಯತ್ಯಾಸ ಇದ್ದುದು ಒಂದರಲ್ಲಿ ಮಾತ್ರ. ತೊಂದರೆಯಾಗದ ಕೇಂದ್ರಕ್ಕೆ ಬಂದ ನೀರು ಸೋಸಿ, ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿದ್ದು. ಸಾವು ಸಂಭವಿಸಿದ ಕೇಂದ್ರಕ್ಕೆ ಲಾರಿಯಲ್ಲಿ ಬರುತ್ತಿದ್ದ ನೀರಿಗೆ ಆ ಶುದ್ಧೀಕರಣ ಆಗಿರಲಿಲ್ಲ. ಜಲಾಶಯದ ನೀರಿನಲ್ಲಿ, ಆ ಕೇಂದ್ರದ ನೀರಿನಲ್ಲಿ, ರೋಗಿಗಳ ರಕ್ತದಲ್ಲಿ ಮತ್ತು ಸತ್ತವರ ಯಕೃತ್ತಿನಲ್ಲಿ ಮೈಕ್ರೋಸಿಸ್ಟಿನ್ ಪತ್ತೆಯಾಯಿತು.

ಊರಿನ ಉಳಿದ ಜನರನ್ನು ಬಿಟ್ಟು ಡಯಾಲಿಸಿಸ್ ರೋಗಿಗಳೇ ಏಕೆ ಬಲಿಯಾದರು? ಲೆಕ್ಕ ಸರಳ. ನಾವು ದಿನಕ್ಕೆ ಸುಮಾರು 2 ಲೀಟರ್ ನೀರು ಕುಡಿಯುತ್ತೇವೆ. ಅದರಲ್ಲಿರುವ ವಿಷದಲ್ಲಿ ಸ್ವಲ್ಪ ಭಾಗ ಮಾತ್ರ ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಡಯಾಲಿಸಿಸ್‌ನಲ್ಲಿ ಒಂದು ಸಲಕ್ಕೆ ಸುಮಾರು 120 ಲೀಟರ್ ನೀರು ತೆಳುವಾದ ಪೊರೆಯೊಂದರ ಆಚೆಗೆ ರೋಗಿಯ ರಕ್ತದ ಸಮೀಪವೇ ಹರಿಯುತ್ತದೆ. ಕರುಳಿನ ಕಾವಲು ಇಲ್ಲಿಲ್ಲ. ಆದ್ದರಿಂದ ಕುಡಿಯಲು ಯೋಗ್ಯವಾದ ನೀರು ಡಯಾಲಿಸಿಸ್‌ಗೂ ಯೋಗ್ಯ ಎಂದು ತಿಳಿಯುವುದು ದೊಡ್ಡ ತಪ್ಪು.

ನಮ್ಮ ರಾಜ್ಯದಲ್ಲಿ ಇಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವುದು ನಮ್ಮಲ್ಲಿ ಸಾಮಾನ್ಯ. ಇಂಥ ಘಟಕಗಳಲ್ಲಿ ರಿವರ್ಸ್ ಆಸ್ಮಾಸಿಸ್, ಅಂದರೆ ಆರ್‌ಓ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರಬೇಕು, ಅದರ ಪೊರೆಗಳನ್ನು ಕಾಲಕಾಲಕ್ಕೆ ಬದಲಾಯಿಸುತ್ತಿರಬೇಕು, ನೀರಿನ ಮೂಲ ಬದಲಾದಾಗ ಪರೀಕ್ಷೆ ನಡೆಯಬೇಕು. ಕರುವಾರುವಿನ ರೋಗಿಗಳು ಪ್ರಾಣ ತೆತ್ತು ಕಲಿಸಿದ ಪಾಠ ಇದು.

ಎಷ್ಟಿದ್ದರೆ ಅಪಾಯ?

ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್‌ಗೆ ಒಂದು ಮಿತಿ ಗೊತ್ತುಮಾಡಿತು. ಲೀಟರಿಗೆ 1 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಈ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿದರೆ ಇಂಥ ಮಿತಿಗಳ ಮೇಲೆ ನಮ್ಮ ವಿಶ್ವಾಸ ಹೆಚ್ಚುತ್ತದೆ.

ಇಲಿಗಳಿಗೆ 13 ವಾರ ದಿನವೂ ಬೇರೆ ಬೇರೆ ಪ್ರಮಾಣದ ಮೈಕ್ರೋಸಿಸ್ಟಿನ್ ಕೊಟ್ಟು ನೋಡಲಾಯಿತು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮೈಕ್ರೋಗ್ರಾಂ ಕೊಟ್ಟಾಗ ಯಕೃತ್ತಿಗೆ ಹಾನಿ ಕಾಣಲಿಲ್ಲ. ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ, ಮನುಷ್ಯರಲ್ಲೇ ಇರುವ ದುರ್ಬಲರು, 13 ವಾರಕ್ಕೂ ಜೀವಮಾನಕ್ಕೂ ಇರುವ ಅಂತರ ಇವೆಲ್ಲಕ್ಕೆ ಅವಕಾಶ ಬಿಟ್ಟು ಅದನ್ನು 1,000ದಿಂದ ಭಾಗಿಸಿದರು. ಬಂದದ್ದು 0.04. ವ್ಯಕ್ತಿಯ ತೂಕ 60 ಕಿಲೋ ಎಂದಿಟ್ಟುಕೊಂಡರೆ ದಿನಕ್ಕೆ 2.4 ಮೈಕ್ರೋಗ್ರಾಂ. ಅದರಲ್ಲಿ ಶೇ. 80 ಭಾಗ ನೀರಿನಿಂದ ಬರುತ್ತದೆ, ಉಳಿದದ್ದು ಮೀನು ಮುಂತಾದವುಗಳಿಂದ ಎಂದು ಭಾವಿಸಿ, ದಿನಕ್ಕೆ ಕುಡಿಯುವ 2 ಲೀಟರ್ ನೀರಿಗೆ ಹಂಚಿದರೆ ಲೀಟರಿಗೆ 0.96. ಇದನ್ನೇ 1 ಎಂದು ಹಿಡಿದದ್ದು.

ಇದು ಜೀವನಪರ್ಯಂತ ಕುಡಿಯುವವರಿಗೆ ಹಾಕಿದ ಲೆಕ್ಕ. ಒಂದು ದಿನ ಮಿತಿ ಮೀರಿದರೆ ಕೂಡಲೇ ಕಾಯಿಲೆ ಬರುತ್ತದೆ ಎಂದಲ್ಲ. ಪಾಚಿ ಉಕ್ಕುವುದು ಕೆಲವೇ ವಾರಗಳ ಮಾತಾದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಲ್ಪಾವಧಿಗೆ 12 ಮೈಕ್ರೋಗ್ರಾಂ ಎಂಬ ಇನ್ನೊಂದು ಮಿತಿಯನ್ನೂ ಹೇಳಿತು. ಆದರೆ ಪುಡಿಹಾಲು ಕುಡಿಯುವ ಎಳೆಗೂಸುಗಳ ಲೆಕ್ಕವೇ ಬೇರೆ. 5 ಕಿಲೋ ತೂಕದ ಮಗು ದಿನಕ್ಕೆ ಮುಕ್ಕಾಲು ಲೀಟರ್ ನೀರು ಸೇವಿಸುತ್ತದೆ. ತೂಕಕ್ಕೆ ಹೋಲಿಸಿದರೆ ಇದು ದೊಡ್ಡವರಿಗಿಂತ ಬಹಳ ಹೆಚ್ಚು. ಆದ್ದರಿಂದ 3 ಮೈಕ್ರೋಗ್ರಾಂ ದಾಟಿದರೇ ಅವುಗಳಿಗೆ ಬೇರೆ ನೀರು ಕೊಡಬೇಕು.

ಪತ್ತೆ ಮಾಡುವುದು ಹೇಗೆ?

ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವುದು ಸುಲಭವಲ್ಲ. ಸಂಶೋಧಕರು ಮೆಟ್ಟಿಲು ಮೆಟ್ಟಿಲಾಗಿ ಕೆಲಸ ಮಾಡುತ್ತಾರೆ. ಮೊದಲನೆಯದು ನೋಟ. ನೀರಿನ ಬಣ್ಣ, ಕೆನೆ, ಎಷ್ಟು ಆಳದವರೆಗೆ ಕಣ್ಣಿಗೆ ಕಾಣುತ್ತದೆ ಎಂಬುದು. ಎರಡನೆಯದು ಸೂಕ್ಷ್ಮದರ್ಶಕ. ಯಾವ ಜಾತಿ ಇದೆ, ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಜೀವಕೋಶಗಳಿವೆ ಎಂದು ಎಣಿಸುವುದು. ಮೂರನೆಯದು, ವಿಷ ತಯಾರಿಸುವ ಜೀನ್ ಅಲ್ಲಿರುವ ಪಾಚಿಯಲ್ಲಿದೆಯೇ ಎಂದು ಪಿಸಿಆರ್ ವಿಧಾನದಿಂದ ನೋಡುವುದು. ನಾಲ್ಕನೆಯದು, ವಿಷವನ್ನೇ ಅಳೆಯುವುದು. ಪ್ರತಿಕಾಯಗಳನ್ನು ಬಳಸುವ ಎಲಿಸಾ ಪರೀಕ್ಷೆ ಕೆಲವು ಗಂಟೆಗಳಲ್ಲಿ ಒಟ್ಟು ಮೈಕ್ರೋಸಿಸ್ಟಿನ್ ಎಷ್ಟೆಂದು ತಿಳಿಸುತ್ತದೆ. ಯಾವ ಬಗೆ ಎಷ್ಟೆಷ್ಟು ಎಂದು ಬಿಡಿಸಿ ಹೇಳಲು ದೊಡ್ಡ ಪ್ರಯೋಗಶಾಲೆಯ ದುಬಾರಿ ಉಪಕರಣ ಬೇಕು.

ಪರೀಕ್ಷೆಗೆ ಮುನ್ನ ನೀರಿನ ಮಾದರಿಯನ್ನು ಹೆಪ್ಪುಗಟ್ಟಿಸಿ ಕರಗಿಸುವುದನ್ನು ಹಲವು ಸಲ ಮಾಡುತ್ತಾರೆ. ಇದರಿಂದ ಜೀವಕೋಶಗಳು ಒಡೆದು ಒಳಗಿನ ವಿಷವೂ ಹೊರಬರುತ್ತದೆ. ಇದನ್ನು ಮಾಡದಿದ್ದರೆ ನೀರಿನಲ್ಲಿ ಕರಗಿರುವಷ್ಟು ವಿಷ ಮಾತ್ರ ಲೆಕ್ಕಕ್ಕೆ ಸಿಗುತ್ತದೆ, ಬಹುಪಾಲು ತಪ್ಪಿಹೋಗುತ್ತದೆ.

ಈಗ ಉಪಗ್ರಹಗಳೂ ನೆರವಿಗೆ ಬಂದಿವೆ. ನೀಲಿ-ಹಸಿರು ಪಾಚಿಯಲ್ಲಿರುವ ಫೈಕೋಸಯನಿನ್ ಎಂಬ ವರ್ಣದ್ರವ್ಯ ಬೆಳಕಿನ ಒಂದು ನಿರ್ದಿಷ್ಟ ಭಾಗವನ್ನು ಹೀರಿಕೊಳ್ಳುತ್ತದೆ. ಅದರ ಗುರುತು ಹಿಡಿದು ದೊಡ್ಡ ಸರೋವರಗಳಲ್ಲಿ ಪಾಚಿ ಎಲ್ಲಿ ಉಕ್ಕುತ್ತಿದೆ ಎಂದು ಆಕಾಶದಿಂದಲೇ ತಿಳಿಯಬಹುದು. ಆದರೆ ಈ ಕೆಲಸಕ್ಕೆ ಬಳಸುವ ಯುರೋಪಿನ ಸೆಂಟಿನೆಲ್-3 ಉಪಗ್ರಹಕ್ಕೆ 300 ಮೀಟರ್ ಉದ್ದಗಲದ ಜಾಗ ಒಂದು ಚುಕ್ಕೆಯಷ್ಟೇ. ನಮ್ಮ ಹಳ್ಳಿಯ ಸಣ್ಣ ಕೆರೆಗಳಿಗೆ ಊರವರ ಕಣ್ಣೇ ಉಪಗ್ರಹ.

ಕುದಿಸಿದರೆ ಸಾಲದೆ?

ಸಾಲದು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ನಡೆದದ್ದನ್ನು ಕೇಳಿ. ಈರಿ ಸರೋವರದಿಂದ ಬರುವ ನಲ್ಲಿ ನೀರಿನಲ್ಲಿ ಮೈಕ್ರೋಸಿಸ್ಟಿನ್ ಮಿತಿ ಮೀರಿದ್ದು ಕಂಡುಬಂದು, ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು 4 ಲಕ್ಷಕ್ಕೂ ಹೆಚ್ಚು ಜನರಿಗೆ ಎಚ್ಚರಿಕೆ ನೀಡಲಾಯಿತು. ಕುದಿಸುವಾಗ ನೀರು ಆವಿಯಾಗುತ್ತದೆ, ವಿಷ ಉಳಿಯುತ್ತದೆ. ಜೀವಕೋಶಗಳೇನಾದರೂ ಇದ್ದರೆ ಒಡೆದು ಅವುಗಳ ವಿಷವೂ ಸೇರುತ್ತದೆ. ಕುದಿಸಿದ ನೀರಿನಲ್ಲಿ ವಿಷ ಮೊದಲಿಗಿಂತ ಸಾಂದ್ರವಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗೆಂದು ನೀರು ಕುದಿಸುವುದನ್ನು ಬಿಡಬೇಡಿ. ಕಾಲರಾ, ವಿಷಮಶೀತ ಜ್ವರ, ಕಾಮಾಲೆಗಳ ರೋಗಾಣುಗಳಿಗೆ ಕುದಿಸುವುದೇ ಉತ್ತಮ ಉಪಾಯ. ನೀಲಿ-ಹಸಿರು ಪಾಚಿಯ ವಿಷಕ್ಕೆ ಮಾತ್ರ ಅದು ಉಪಾಯವಲ್ಲ. ಮನೆಯ ಕ್ಯಾಂಡಲ್ ಫಿಲ್ಟರ್, ಅತಿನೇರಳೆ ಕಿರಣದ ಶುದ್ಧೀಕರಣ ಯಂತ್ರ ಕೂಡ ಕರಗಿದ ವಿಷವನ್ನು ತೆಗೆಯಲಾರವು. ಸುಸ್ಥಿತಿಯಲ್ಲಿರುವ ಆರ್‌ಓ ಯಂತ್ರ ಬಹುಪಾಲನ್ನು ತಡೆಯುತ್ತದೆ.

ಊರಿಗೆಲ್ಲ ನೀರು ಕೊಡುವ ಘಟಕಗಳಲ್ಲಿ ಅನುಸರಿಸಬೇಕಾದ ಕ್ರಮ ಹೀಗೆ: ಮೊದಲು ಪಟಿಕ ಹಾಕಿ ಜೀವಕೋಶಗಳನ್ನು ಒಡೆಯದೆ ಇಡಿಯಾಗಿ ತಳಕ್ಕಿಳಿಸಿ ಸೋಸಿ ತೆಗೆಯಬೇಕು. ಕರಗಿ ಉಳಿದ ವಿಷವನ್ನು ಸಕ್ರಿಯ ಇದ್ದಿಲಿನಿಂದ ಹೀರಿಸಬೇಕು. ಅನಂತರ ಕ್ಲೋರಿನ್ ಬೆರೆಸಿ ಸಾಕಷ್ಟು ಹೊತ್ತು ಬಿಟ್ಟರೆ ಅಳಿದುಳಿದ ಮೈಕ್ರೋಸಿಸ್ಟಿನ್ ಕೂಡ ಒಡೆಯುತ್ತದೆ. ಕ್ರಮ ತಪ್ಪಿ, ಹಸಿರು ನೀರಿಗೆ ಮೊದಲೇ ಕ್ಲೋರಿನ್ ಸುರಿದರೆ ಪಾಮ್ ದ್ವೀಪದಲ್ಲಾದಂತೆ ಕೋಶಗಳು ಒಡೆದು ವಿಷ ನೀರು ಸೇರುತ್ತದೆ.

ಲಕ್ಷಣಗಳು ಮತ್ತು ಚಿಕಿತ್ಸೆ

ಹಸಿರು ನೀರಿನಲ್ಲಿ ಈಜಿದವರಿಗೆ ಮೈ ತುರಿಕೆ, ದದ್ದು, ಕಣ್ಣು ಉರಿ, ಗಂಟಲು ಕೆರೆತ ಕಾಣಿಸಬಹುದು. ನೀರು ಹೊಟ್ಟೆಗೆ ಹೋದರೆ ಹೊಟ್ಟೆನೋವು, ವಾಂತಿ, ಭೇದಿ, ಜ್ವರ, ತಲೆನೋವು ಬರಬಹುದು. ತೀವ್ರವಾದಾಗ ಕಣ್ಣು ಮತ್ತು ಮೂತ್ರ ಹಳದಿಯಾಗುವುದು, ಬಲಪಕ್ಕೆಯಲ್ಲಿ ನೋವು, ತುಟಿ-ಬೆರಳು ಜುಮುಗುಡುವುದು, ಸ್ನಾಯುಗಳ ನಿಶ್ಶಕ್ತಿ ಕಾಣಿಸುತ್ತವೆ. ಇವೆಲ್ಲ ಬೇರೆ ಕಾಯಿಲೆಗಳಲ್ಲೂ ಇರುವ ಲಕ್ಷಣಗಳೇ. ಆದ್ದರಿಂದ ಕಳೆದ ಕೆಲವು ದಿನಗಳಲ್ಲಿ ಹಸಿರು ಕಟ್ಟಿದ ನೀರಿನ ಸಂಪರ್ಕವಾಗಿದ್ದರೆ ಅದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಹೇಳದಿದ್ದರೆ ಅವರಿಗೆ ಸುಳಿವು ಸಿಗುವುದು ಕಷ್ಟ.

ಈ ವಿಷಗಳಿಗೆ ಪ್ರತಿವಿಷ ಇಲ್ಲ. ದೇಹದ ನೀರಿನಂಶ ಮತ್ತು ಲವಣಗಳನ್ನು ಕಾಪಾಡುವುದು, ಯಕೃತ್ತು ಮತ್ತು ಮೂತ್ರಪಿಂಡಗಳ ಮೇಲೆ ನಿಗಾ ಇಡುವುದು, ಉಸಿರಾಟಕ್ಕೆ ತೊಂದರೆಯಾದರೆ ನೆರವು ಕೊಡುವುದು ಇವೇ ಚಿಕಿತ್ಸೆ. ಪಾಮ್ ದ್ವೀಪದ ಮಕ್ಕಳು ಬದುಕುಳಿದದ್ದು ಇಂಥ ಆರೈಕೆಯಿಂದಲೇ.

ನಾವು ಮಾಡಬೇಕಾದದ್ದು

* ಬಣ್ಣ ಬಳಿದಂತೆ ಹಸಿರು ಕೆನೆ ಕಟ್ಟಿರುವ ನೀರಿಗೆ ಇಳಿಯಬೇಡಿ. ಮಕ್ಕಳನ್ನು ಇಳಿಸಬೇಡಿ.
* ಗುರುತು ಹಿಡಿಯಲು ಒಂದು ಕೋಲನ್ನು ಅದ್ದಿ ತೆಗೆಯಿರಿ. ಕೂದಲಿನಂತೆ ಎಳೆಗಳು ನೇತಾಡಿದರೆ ಅದು ಸಾಮಾನ್ಯ ಹಸಿರು ಪಾಚಿ ಇರಬಹುದು. ಬಣ್ಣದಲ್ಲಿ ಅದ್ದಿದಂತೆ ಕೋಲಿಗೆ ಲೇಪವಾದರೆ ನೀಲಿ-ಹಸಿರು ಪಾಚಿ ಎಂದು ಶಂಕಿಸಿ ದೂರವಿರಿ.
* ಅಕಸ್ಮಾತ್ ಸಂಪರ್ಕವಾದರೆ ಶುದ್ಧ ನೀರು ಮತ್ತು ಸಾಬೂನಿನಿಂದ ಮೈ ತೊಳೆದುಕೊಳ್ಳಿ. ನಾಯಿಯನ್ನೂ ಅದು ಮೈ ನೆಕ್ಕಿಕೊಳ್ಳುವ ಮೊದಲು ತೊಳೆಯಿರಿ.
* ದನಕರುಗಳಿಗೆ ಬಾವಿಯ ಅಥವಾ ಕೊಳವೆಬಾವಿಯ ನೀರನ್ನು ತೊಟ್ಟಿಯಲ್ಲಿ ಕೊಡಿ. ಕೆರೆಯ ನೀರೇ ಗತಿ ಎಂದಾದರೆ ಕೆನೆ ಇಲ್ಲದ, ಗಾಳಿ ಬೀಸಿ ಬರುವ ಕಡೆಯ ದಡಕ್ಕೆ ಒಯ್ಯಿರಿ.
* ಇಂಥ ಕೆರೆಯ ಮೀನು ತಿನ್ನುವುದಾದರೆ ಕರುಳು, ಯಕೃತ್ತು ಮುಂತಾದ ಒಳಭಾಗಗಳನ್ನು ಪೂರ್ತಿ ತೆಗೆದುಹಾಕಿ. ವಿಷ ಹೆಚ್ಚಾಗಿ ಸೇರುವುದು ಅಲ್ಲೇ. ಸತ್ತು ತೇಲುವ ಮೀನನ್ನು ಮುಟ್ಟಲೇಬೇಡಿ.
* ಕೆನೆ ಮಾಯವಾದ ದಿನವೇ ನೀರು ಸರಿಹೋಯಿತೆಂದು ತಿಳಿಯಬೇಡಿ. ಪಾಚಿ ಸತ್ತ ಮೇಲೂ ಕರಗಿದ ವಿಷ ಕೆಲವು ದಿನ, ಕೆಲವೊಮ್ಮೆ ವಾರಗಳ ಕಾಲ ಉಳಿಯಬಹುದು.
* ಕೆರೆಗೆ ನೀವೇ ಮೈಲುತುತ್ತ, ಬ್ಲೀಚಿಂಗ್ ಪುಡಿ ಸುರಿಯಬೇಡಿ. ಕುಡಿಯುವ ನೀರಿನ ಮೂಲವಾಗಿದ್ದರೆ ಕೂಡಲೇ ಪಂಚಾಯಿತಿಗೆ ಅಥವಾ ಪುರಸಭೆಗೆ, ಆರೋಗ್ಯ ಇಲಾಖೆಗೆ ತಿಳಿಸಿ.

ಇವೆಲ್ಲ ಕೆನೆ ಕಟ್ಟಿದ ಮೇಲಿನ ಉಪಾಯಗಳು. ಕೆನೆ ಕಟ್ಟದಂತೆ ನೋಡಿಕೊಳ್ಳುವುದು ಇನ್ನೂ ಮೇಲು. ಕೆನಡಾದ ಸರೋವರದಲ್ಲಿ ಪರದೆಯ ಒಂದು ಬದಿ ತಿಳಿಯಾಗಿ ಉಳಿದದ್ದು ಅದಕ್ಕೆ ರಂಜಕ ಬೀಳದಿದ್ದುದರಿಂದ. ಊರ ಚರಂಡಿಯನ್ನು ಕೆರೆಗೆ ಬಿಡುವುದನ್ನು ನಿಲ್ಲಿಸಿದರೆ, ಗೊಬ್ಬರವನ್ನು ಬೆಳೆಗೆ ಬೇಕಾದಷ್ಟೇ ಹಾಕಿದರೆ, ಕೆರೆಯ ಅಂಚಿನಲ್ಲಿ ಹುಲ್ಲು, ಆಪುಗಳನ್ನು ಬೆಳೆಯಲು ಬಿಟ್ಟರೆ ನಮ್ಮ ಕೆರೆಗಳಿಗೂ ಅಂಥದೊಂದು ಪರದೆ ಕಟ್ಟಿದಂತೆ. ತಳದ ಹೂಳಿನಲ್ಲಿ ಸೇರಿರುವ ಹಳೆಯ ರಂಜಕ ಬಿಡುಗಡೆಯಾಗುತ್ತಲೇ ಇರುವುದರಿಂದ ಫಲ ಕಾಣಲು ಕೆಲವು ವರ್ಷ ಹಿಡಿಯಬಹುದು. ಹೂಳೆತ್ತುವ ಕೆಲಸವನ್ನೂ ಜೊತೆಗೆ ಮಾಡಿದರೆ ಬೇಗ ಗುಣ ಕಾಣುತ್ತದೆ. ಮುಂದಿನ ಬೇಸಿಗೆಯಲ್ಲಿ ನಿಮ್ಮ ಊರ ಕೆರೆ ಹಸಿರಾದರೆ, ಅದು ತನ್ನೊಳಗೆ ಏನು ಬೀಳುತ್ತಿದೆ ಎಂದು ನಿಮಗೆ ತಿಳಿಸುತ್ತಿದೆ ಎಂದೇ ಅರ್ಥಮಾಡಿಕೊಳ್ಳಿ. ದನ ಸಾಯುವವರೆಗೆ, ಮಕ್ಕಳು ಕಾಯಿಲೆ ಬೀಳುವವರೆಗೆ ಕಾಯುವುದು ಬೇಡ.